ಗಾಳಿಯ ತಪ್ಪು

ಹೊಳಲ್ಕೆರೆಯ ಶಿವಕುಮಾರಪ್ಪನವರು ಕಾರಿನ ಕೀಲಿಯನ್ನು ಸೊಸೆಯ ಕೈಗೆ ಕೊಟ್ಟದ್ದು ಸೋಮವಾರ ಬೆಳಿಗ್ಗೆ. ವಾಪಸ್ಸು ಪಡೆದದ್ದು ಅದೇ ಸೋಮವಾರ ಸಂಜೆ. ನಡುವೆ ಸಹನಾ ಮಾಡಿದ್ದಿಷ್ಟೆ: ಹೊಸದುರ್ಗದ ತನ್ನ ಶಾಲೆಗೆ ಮೊದಲ ಸಲ ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ, ಒಂದು ಗೀರೂ ಇಲ್ಲದೆ ತಂದು ಮನೆ ಮುಂದೆ ನಿಲ್ಲಿಸಿದ್ದಳು. ಆದರೆ ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಹತ್ತಿಕೊಂಡಿತ್ತು. ದಾರಿಯುದ್ದಕ್ಕೂ ರಸ್ತೆ ಬಿಟ್ಟು ಬೇರೇನನ್ನೂ ನೋಡದ ಅವಳಿಗೆ ಅದು ಯಾವಾಗ ಹತ್ತಿತೆಂದೇ ಗೊತ್ತಿರಲಿಲ್ಲ.

"ನಲ್ಲಿ ಚಿತ್ರ ಬರ್ದಂಗೈತೆ," ಎಂದರು ಅತ್ತೆ ಶಿವಗಂಗಮ್ಮ, ಕಾರಿನ ಕಿಟಕಿಯಿಂದ ಇಣುಕಿ. "ನೀರು ಕೇಳ್ತೈತೇನೋ, ಒಂದು ಚೊಂಬು ಹಾಕ್ರಿ."

"ಅದು ಇಂಜಿನ್ ಕಣೆ. ಏಳು ವರ್ಷ ನಾನು ಓಡಿಸ್ದೆ, ಒಂದಿನ ಹತ್ತಿರ್ಲಿಲ್ಲ," ಎಂದರು ಮಾವ. ಸೊಸೆಗೆ ಒಂದು ಮಾತೂ ಅನ್ನಲಿಲ್ಲ. ಕೀಲಿ ಮಾತ್ರ ಅವರ ಜುಬ್ಬದ ಜೇಬಿಗೆ ಹೋಯಿತು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಜೇಬಿಗೆ ಏನು ಉತ್ತರ ಕೊಡುವುದು? ಮರುದಿನದಿಂದ ಮತ್ತೆ ಏಳೂಕಾಲರ ಬಸ್ಸು, ನೂಕುನುಗ್ಗಲಲ್ಲಿ ಒಂಟಿ ಕಾಲಿನ ಪ್ರಯಾಣ.

ಕಾರಿನ ದೋಷ ಪತ್ತೆಮಾಡಲು ಅವಳು ತರಿಸಿದ್ದ ಸ್ಕ್ಯಾನರ್ ಶನಿವಾರ ಬಂತು. ಬೆಂಕಿಪೊಟ್ಟಣದಷ್ಟು ಗಾತ್ರ.

"ಇದೇನು ಹೇಳ್ತೈತೆ? ಮೆಕ್ಯಾನಿಕ್ ಅಂಜನಪ್ಪ ಇಂಜಿನ್ನಿಗೆ ಕಿವಿ ಇಟ್ಟೇ ಹೇಳ್ತಾನೆ."

"ಇಡಿಸಬೇಕಿತ್ತಲ್ಲ ಮಾವ."

"ಇಟ್ಟ. ಏನೂ ಕೇಳಿಸ್ಲಿಲ್ವಂತೆ."

ಸ್ಟೇರಿಂಗಿನ ಕೆಳಗಿನ ತೂತಿಗೆ ಸಹನಾ ಅದನ್ನು ಸಿಕ್ಕಿಸಿದಳು. ಕೀಲಿ ತಿರುಗಿಸಿದ್ದು ಮಾವನೇ. ಅಷ್ಟು ಕೆಲಸಕ್ಕೂ ಅದನ್ನು ಅವಳ ಕೈಗೆ ಕೊಡಲಿಲ್ಲ. ಮೊಬೈಲಿನ ಆ್ಯಪು ಸ್ವಲ್ಪ ಹೊತ್ತು ಧ್ಯಾನ ಮಾಡಿ ಒಂದು ಸಂಖ್ಯೆಯನ್ನೂ ಅದರ ಅರ್ಥವನ್ನೂ ತೋರಿಸಿತು.

"ಒಳಗೆ ಹೋಗೋ ಗಾಳಿ ಎಷ್ಟು ಬಿಸಿ ಐತೆ ಅಂತ ನೋಡೋ ಸೆನ್ಸರ್ ಕೆಲಸ ಮಾಡ್ತಿಲ್ವಂತೆ. ಈಗ ಗಾಳಿ ಮೈನಸ್ ನಲವತ್ತು ಡಿಗ್ರಿ ಅಂತೈತೆ."

"ಹೊಳಲ್ಕೆರೆಲಿ?" ಮಾವ ನೆತ್ತಿಯ ಬೆವರು ಒರೆಸಿಕೊಂಡರು. "ಲೇ ಶಿವಗಂಗಾ, ಕಂಬಳಿ ತಾರೇ!"

ಸಹನಾ ನಗಲಿಲ್ಲ. ದೀಪ ಹತ್ತಿದ ಗಳಿಗೆಯಲ್ಲಿ ಕಾರು ಹೇಗಿತ್ತೆಂಬುದನ್ನೂ ಆ್ಯಪು ಬರೆದಿಟ್ಟಿತ್ತು: ವೇಗ ಸೊನ್ನೆ, ಇಂಜಿನ್ ಪೂರ್ತಿ ತಣ್ಣಗೆ. ಅವಳು ಎರಡು ಸಲ ಓದಿದಳು. ಹೊಸಬರ ಕೈಗೆ ತಣ್ಣನೆ ಗಾಡಿ ಕೊಡಬಾರದೆಂದು ಅವತ್ತು ಮಾವನೇ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬೆಚ್ಚಗೆ ಮಾಡಿ, ಆಮೇಲೆ ಅವಳನ್ನು ಕೂರಿಸಿದ್ದರು. ಅಂದರೆ ಅವಳು ಕೂರುವ ಮೊದಲೇ ದೀಪ ಹತ್ತಿತ್ತು.

"ಬಾನೆಟ್ ಎತ್ರಿ ಮಾವ."

ಒಳಗೆ ಬ್ಯಾಟರಿಗೆ ಮೂರು ಗೆರೆ ವಿಭೂತಿ, ಆಯಿಲ್ ಮುಚ್ಚಳಕ್ಕೆ ಮೂರು ಗೆರೆ. ಪ್ರತಿ ಸೋಮವಾರ ಬೆಳಿಗ್ಗೆ ಕಾರು ತೊಳೆದು, ಒಂದೊಂದು ಭಾಗವನ್ನೂ ಒರೆಸಿ ವಿಭೂತಿ ಹಚ್ಚುವುದು ಶಿವಕುಮಾರಪ್ಪನವರ ಪದ್ಧತಿ. ಗಾಳಿ ಕೊಳವೆಯ ಪಕ್ಕ ಆ ಸೆನ್ಸರಿನ ಸಣ್ಣ ಪ್ಲಗ್ಗು ಕಳಚಿ ಜೋತಾಡುತ್ತಿತ್ತು. ಅದರ ಹಣೆಯ ಮೇಲೂ ಅಚ್ಚುಕಟ್ಟಾದ ಮೂರು ಗೆರೆ.

ಇಬ್ಬರೂ ಅದನ್ನು ನೋಡಿದರು. ಮಾವ ತಮ್ಮ ಬಲಗೈಯ ಮೂರು ಬೆರಳುಗಳನ್ನೂ ಒಮ್ಮೆ ನೋಡಿಕೊಂಡರು.

"ಯಾರ್ದಂತೆ ತಪ್ಪು?" ಜಗುಲಿಯಿಂದ ಅತ್ತೆ ಕೂಗಿದರು.

ಐದು ದಿನ ಬಸ್ಸಿನಲ್ಲಿ ನಿಂತ ಕಾಲುಗಳಿಗೆ ಒಂದು ಉತ್ತರ ಸಿದ್ಧವಾಗಿತ್ತು. ಸಹನಾ ಪ್ಲಗ್ಗನ್ನು ಟಕ್ಕೆಂದು ಒತ್ತಿ ಕೂರಿಸಿದಳು.

"ಗಾಳಿದಂತೆ ಅತ್ತೆ."

"ಗಾಳಿ ಸೋಕೈತಾ! ನಾನ್ ಆಗ್ಲೇ ಅಂದ್ಕಂಡೆ. ನಿಂಬೆಹಣ್ಣು ಕಟ್ರಿ ಅಂದ್ರೆ ಈ ಮನೇಲಿ ಯಾರು ಕೇಳ್ತೀರಿ?"

ಆ್ಯಪಿನಲ್ಲಿ ಅಳಿಸುವ ಗುಂಡಿ ಒತ್ತಿದಾಗ ದೀಪ ಆರಿತು. ಹೊಳಲ್ಕೆರೆಯ ಗಾಳಿ ಮೂವತ್ತಮೂರು ಡಿಗ್ರಿಗೆ ಮರಳಿತು. ಮಾವ ಕೀಲಿ ತೆಗೆದರು. ಅಭ್ಯಾಸದಂತೆ ಕೈ ಜೇಬಿನತ್ತ ಹೋಗಿ, ಅರ್ಧದಲ್ಲೇ ತಿರುಗಿ, ಸೊಸೆಯ ಮುಂದೆ ಬಂತು.

"ಒರೆಸೋವಾಗ ಕಳಚಿದ್ದೆ. ವಾಪಸ್ ಒತ್ತಿದೀನಿ ಅಂದ್ಕಂಡಿದ್ದೆ ಕಣವ್ವಾ," ಎಂದರು, ಜಗುಲಿಗೆ ಕೇಳದಷ್ಟು ಮೆಲ್ಲಗೆ.

"ಗಾಳಿದೇ ಬಿಡ್ರಿ ಮಾವ."

ಸೋಮವಾರ ಬೆಳಿಗ್ಗೆ ಕಾರು ತೊಳೆದು ಸಿದ್ಧವಾಗಿತ್ತು. ಮುಂದೆ ಅತ್ತೆಯ ನಿಂಬೆಹಣ್ಣು ತೂಗುತ್ತಿತ್ತು. ಸೀಟಿನ ಮೇಲಿದ್ದ ಸ್ಕ್ಯಾನರ್‌ಗೂ ಮೂರು ಗೆರೆ ಬಿದ್ದಿದ್ದವು. ಇಂಜಿನ್ ಮಾತ್ರ ತಣ್ಣಗಿತ್ತು.

"ನೀನೇ ಸ್ಟಾರ್ಟ್ ಮಾಡವ್ವಾ," ಎಂದರು ಶಿವಕುಮಾರಪ್ಪ, ಎರಡು ಹೆಜ್ಜೆ ಹಿಂದೆ ಸರಿದು. "ಎಲ್ಲಾ ಒತ್ತಿ ನೋಡೀನಿ. ಎರಡು ಸಲ."