ಗ್ಲೌಸಿಗೆ ತಾಗಿತ್ತಾ?

ಫ್ರೀಜರ್ ಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ನಾಲ್ವರು ಎತ್ತುತ್ತಿದ್ದರು. ಒಂದು ಮೂಲೆ ಸೋಂಪುರದ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದ ಹರ್ಷಿತಳ ಕೈಯಲ್ಲಿತ್ತು. ಒಳಗೆ ಭೀಮರಾಜ್ ಮೇಷ್ಟ್ರು: ಮಧುರೆ ಹೋಬಳಿಯ ಶಾಲೆಯ ನಿವೃತ್ತ ಪಿ.ಟಿ. ಮಾಸ್ತರು, ಬೇಸ್‌ಬಾಲ್ ಅಂಪೈರು, ನಿನ್ನೆ ಸಂಜೆಯಿಂದ ದಿವಂಗತರು.

"ಇಪ್ಪತ್ತು ವರ್ಷ ಆ ಆಟ ಆಡಿಸಿದ್ರು," ಪಕ್ಕದ ಮನೆಯ ಅಪ್ಪಯ್ಯಣ್ಣ ಹೇಳಿದ. "ನಮಗೆ ತಲೆಬುಡ ತಿಳೀತಿರ್ಲಿಲ್ಲ, ಯಾರು ಗೆದ್ರು ಅಂತ ಇವರನ್ನೇ ಕೇಳ್ಬೇಕಿತ್ತು. ಇನ್ಮೇಲೆ ಅದೂ ಇಲ್ಲ."

ನಗಬೇಕೋ ಬೇಡವೋ ತಿಳಿಯದೆ ಜನ ಕೆಮ್ಮಿದರು. ಅಷ್ಟರಲ್ಲಿ ಬೂದಿಗೆರೆಯಿಂದ ಅಕ್ಷತ ಬಂದಳು, ಹನ್ನೊಂದು ವರ್ಷದಿಂದ ಈ ಮನೆಯ ಹೊಸಿಲು ತುಳಿಯದವಳು. ಹರ್ಷಿತಳ ಕೈ ಜಾರಿ ಮುಚ್ಚಳ ವಾಲಿತು.

* * *

ಹನ್ನೊಂದು ವರ್ಷದ ಹಿಂದೆ, ಜಿಲ್ಲಾ ಫೈನಲ್. ಅಕ್ಷತ ಮೇಷ್ಟ್ರ ಶಾಲೆಯವಳೇ; ಎದುರು ತಂಡದಲ್ಲಿ ಚೆಂಡು ಎಸೆಯುತ್ತಿದ್ದವಳು ಹರ್ಷಿತ. ಹೊಡೆದ ಚೆಂಡು ನೆಲ ಉಜ್ಜಿಕೊಂಡು ಬಂದು, ಮೂರನೇ ಬೇಸಿಗೆ ಓಡುತ್ತಿದ್ದ ಅಕ್ಷತಳ ಕಾಲಿಗೆ ಬಡಿಯಿತು. ಚೆಂಡಿಗೆ ಅಡ್ಡ ಬಂದ ಓಟಗಾರ್ತಿ ಔಟ್. ಆದರೆ ಅದು ಮೊದಲೇ ಹರ್ಷಿತಳ ಗ್ಲೌಸಿಗೆ ತಾಗಿ ಬಂದಿದ್ದರೆ ಔಟಲ್ಲ.

"ತಾಗಿತ್ತು ಸಾರ್," ಅಕ್ಷತ ಅಂದಳು.

ಅಂಪೈರಾಗಿ ನಿಂತಿದ್ದ ಮೇಷ್ಟ್ರಿಗೆ ಕಂಡಿರಲಿಲ್ಲ. ತಮ್ಮ ಶಾಲೆಯ ಹುಡುಗಿಯ ಮಾತು ನಂಬಿದರೆ ಜನ ಏನಂದಾರು? ಹರ್ಷಿತಳ ಕಡೆ ತಿರುಗಿದರು. "ತಾಗಿತ್ತೇನಮ್ಮ?"

"ಇಲ್ಲ ಸಾರ್."

ಗ್ಲೌಸಿನೊಳಗೆ ಬೆರಳ ತುದಿ ಇನ್ನೂ ಚುರುಗುಟ್ಟುತ್ತಿತ್ತು.

ಮೇಷ್ಟ್ರು ಔಟ್ ಕೊಟ್ಟರು. ಸೋತ ಅಕ್ಷತ ಅವರ ಜೊತೆ ಮಾತು ಬಿಟ್ಟಳು. ಗೆದ್ದ ಹರ್ಷಿತ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಮೇಷ್ಟ್ರು ಅದನ್ನೇ ಕೇಳುವರು. ಅವಳು ಇಲ್ಲ ಅನ್ನುವಳು. ನೆಮ್ಮದಿಯಾಗಿ ಟೀ ಕುಡಿಸುವರು. ಮುಂದಿನ ಸಲ ಮತ್ತೆ ಕೇಳುವರು.

* * *

ಹೊಲದಲ್ಲಿ ಹೆಣ ಗುಂಡಿಗೆ ಇಳಿಯಿತು. ಮಣ್ಣು ಹಾಕುವವರ ಸಾಲಿನಲ್ಲಿ ಅಕ್ಷತ ಹರ್ಷಿತಳ ಹಿಂದೆಯೇ ನಿಂತಳು.

"ಮೇಷ್ಟ್ರ ಹೆಂಡ್ತಿ ಹೇಳಿದ್ರು," ಅಂದಳು. "ಆಸ್ಪತ್ರೇಲೂ ಅದೇ ಗೊಣಗ್ತಿದ್ರಂತೆ. ಅಕ್ಷತಾನೂ ಸುಳ್ಳು ಹೇಳೋಳಲ್ಲ, ಆ ಇನ್ನೊಂದು ಹುಡುಗೀನೂ ಹೇಳೋಳಲ್ಲ, ಅಂತ."

ಹರ್ಷಿತ ತಿರುಗಲಿಲ್ಲ. "ತಾಗಿತ್ತು ಕಣೇ."

"ನಂಗೊತ್ತಿಲ್ವಾ? ನನಗ್ಯಾಕೆ ಹೇಳ್ತೀಯ. ಕೇಳ್ತಿದ್ದೋರು ಅವರು."

ಹರ್ಷಿತಳ ಸರದಿ ಬಂತು. ಹಿಡಿ ಮಣ್ಣು ತೆಗೆದುಕೊಂಡು ಗುಂಡಿಯತ್ತ ಬಗ್ಗಿದಳು, ತುಟಿ ಅಲುಗಿತು. ತಮಟೆಯ ಸದ್ದಿಗೆ ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

"ಹಾಕಿ ಸರಿಯಮ್ಮ, ಹಿಂದೆ ಜನ ಅವ್ರೆ," ಅಪ್ಪಯ್ಯಣ್ಣ ಗದರಿದ.

ಅಕ್ಷತ ತಮಟೆಯವರ ಕಡೆ ತಿರುಗಿ ಅಂಗೈ ಎತ್ತಿದಳು. ಒಂದು ತಮಟೆ ನಿಂತಿತು, ಆಮೇಲೆ ಇನ್ನೊಂದು. ಊರೆಲ್ಲ ಇತ್ತ ತಿರುಗಿತು. ಗುಂಡಿಯ ಅಂಚಿನಲ್ಲಿ ಹರ್ಷಿತ ಬಾಯಿ ತೆರೆದು ನಿಂತಿದ್ದಳು, ಮಣ್ಣು ಇನ್ನೂ ಕೈಯಲ್ಲೇ.