ಸಿರಿಯಾ ಪಂದ್ಯ ಯಾರ ಮನೆಯಲ್ಲಿ

ದೇವರಾಜನಿಗೆ ಊರಲ್ಲಿ ಜೊತೆಗೆ ಕೂತು ಫುಟ್‌ಬಾಲ್ ನೋಡುವವರು ಯಾರೂ ಇರಲಿಲ್ಲ. ನನಗೂ ಇರಲಿಲ್ಲ. ನಾವು ಸ್ನೇಹಿತರಾಗಿದ್ದು ಹಾಗೆ, ಬೇರೆ ದೊಡ್ಡ ಕಾರಣ ಏನಿಲ್ಲ.

ಕಟ್ಟಾಯದ ಹತ್ತಿರದ ನಮ್ಮೂರಲ್ಲಿ ವಾಲಿಬಾಲ್ ಆಡುತ್ತಾರೆ, ಕಬಡ್ಡಿ ಆಡುತ್ತಾರೆ, ಕ್ರಿಕೆಟ್ ಬಗ್ಗೆ ಜಗಳ ಆಡುತ್ತಾರೆ. ಇಂಡಿಯಾಕ್ಕೆ ಒಂದು ಫುಟ್‌ಬಾಲ್ ಟೀಮ್ ಇದೆ ಎಂದು ತಲೆ ಕೆಡಿಸಿಕೊಂಡವರು ಇಬ್ಬರೇ. ಒಬ್ಬ ತಿಮ್ಮಪ್ಪಗೌಡರ ಮಗ ದೇವರಾಜ್. ಇನ್ನೊಬ್ಬ ಬೈರಯ್ಯನ ಮಗ ಕೀರ್ತಿರಾಜ್, ಅಂದರೆ ನಾನು. ಅವರ ಮನೆ ಊರೊಳಗೆ, ನಮ್ಮದು ಕಾಲೊನಿಯಲ್ಲಿ. ಹಾಸನದ ಕಾಲೇಜಿನಲ್ಲಿ ಇಬ್ಬರದೂ ಒಂದೇ ಕ್ಲಾಸು. ಅವನು ರೂಮು ಮಾಡಿಕೊಂಡಿದ್ದ, ನಾನು ಹಾಸ್ಟೆಲ್‌ನಲ್ಲಿದ್ದೆ. ಶನಿವಾರ ಊರಿಗೆ ಬಂದರೆ ಸೋಮವಾರ ಬೆಳಿಗ್ಗೆ ಏಳು ನಲವತ್ತರ ಬಸ್ಸಿಗೆ ವಾಪಸ್ಸು.

ಆ ಬಸ್ಸು ಮೊದಲು ಊರ ಅರಳಿಮರದ ಹತ್ತಿರ ನಿಲ್ಲುತ್ತದೆ, ಆಮೇಲೆ ಕಾಲೊನಿ ಗೇಟಿನಲ್ಲಿ. ಗೇಟಿಗೆ ಬರುವ ಹೊತ್ತಿಗೆ ಸೀಟು ಇರುವುದಿಲ್ಲ. ದೇವರಾಜ್ ಅರಳಿಮರದಲ್ಲೇ ಹತ್ತಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿರುತ್ತಿದ್ದ. ಯಾರಾದರೂ ಕೂರಲು ಬಂದರೆ, "ಜನ ಅವ್ರೆ" ಅನ್ನುತ್ತಿದ್ದ. ಆ ಜನ ನಾನು. ಎರಡು ವರ್ಷ ಹೀಗೇ ನಡೆಯಿತು. ಹಾಸನ ಬರುವವರೆಗೆ ಗೋಲ್‌ಕೀಪರ್ ಬಗ್ಗೆ, ಆಫ್‌ಸೈಡ್ ಬಗ್ಗೆ ಮಾತು. ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು.

ಎರಡು ಸಾವಿರದ ಇಪ್ಪತ್ತನಾಲ್ಕರ ಜನವರಿಯಲ್ಲಿ ಕತಾರಿನಲ್ಲಿ ಏಷ್ಯಾ ಕಪ್ ಶುರುವಾಯಿತು. ಇಂಡಿಯಾಕ್ಕೆ ಮೂರು ಪಂದ್ಯ: ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ್, ಸಿರಿಯಾ. ಮೊದಲನೆಯದು ಸಂಕ್ರಾಂತಿಯ ಹಿಂದಿನ ಶನಿವಾರ, ಸಂಜೆ ಐದಕ್ಕೆ. ನಮ್ಮ ಮನೆಯ ಟಿವಿಗೆ ಆ ಚಾನೆಲ್ ಬರುತ್ತಿರಲಿಲ್ಲ. ನನ್ನ ಫೋನಿನ ಸ್ಕ್ರೀನು ಅರ್ಧ ಹಸಿರಾಗಿತ್ತು. "ನಮ್ಮನೇಗೇ ಬಾರ್ಲಾ" ಎಂದ ದೇವರಾಜ್. ಎರಡು ವರ್ಷದಲ್ಲಿ ಅವನು ಮನೆಗೆ ಕರೆದದ್ದು ಅದೇ ಮೊದಲು.

ನನ್ನ ಹತ್ತಿರ ಇದ್ದದ್ದು ಕ್ರಿಕೆಟ್ ಜೆರ್ಸಿ. ಬೆನ್ನ ಮೇಲಿನ ಹೆಸರಿಗೆ ಕರೆಂಟ್ ಕೆಲಸದ ಕಪ್ಪು ಟೇಪು ಅಂಟಿಸಿಕೊಂಡು ಹೋದೆ.

"ಬ್ಯಾಟ್ ಎಲ್ಲಿ ಬುಟ್ಟು ಬಂದ್ಯಲಾ?" ಎಂದು ದೇವರಾಜ್ ಜಗಲಿ ಮೇಲಿಂದಲೇ ನಕ್ಕ. ಅವನ ಮೈಮೇಲೆ ನಿಜವಾದ ಫುಟ್‌ಬಾಲ್ ಜೆರ್ಸಿ ಇತ್ತು.

ಜಗಲಿ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಹಜಾರದ ಟಿವಿಯನ್ನು ಕಿಟಕಿಯ ಕಡೆ, ಅಂದರೆ ಆಚೆಗೆ, ತಿರುಗಿಸಿ ಇಟ್ಟಿದ್ದರು. ನಾನು ನೋಡಿದ್ದನ್ನು ಅವನು ನೋಡಿದ.

"ಒಳಗೆ ಸೆಕೆ ಕಣ್ಲಾ" ಎಂದ.

ಜನವರಿಯ ಸಂಜೆ. ಒಳಗೆ ತಿಮ್ಮಪ್ಪನವರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಆದರೆ ಹಜಾರದ ತುಂಬ ಹೊಸ ರಾಗಿಯ ಮೂಟೆ ಜೋಡಿಸಿದ್ದೂ ನಿಜ. ಇಬ್ಬರು ಕೂರುವಷ್ಟು ಜಾಗ ಅಲ್ಲಿತ್ತೋ ಇಲ್ಲವೋ ನನಗೆ ಕಿಟಕಿಯಿಂದ ಸರಿಯಾಗಿ ಕಾಣಲಿಲ್ಲ.

ಅರ್ಧ ಆಟದವರೆಗೆ ಸೊನ್ನೆ ಸೊನ್ನೆ. ನಮ್ಮ ಡಿಫೆಂಡರ್‌ಗಳು ಸಾಯುವ ಹಾಗೆ ಓಡುತ್ತಿದ್ದರು. ದೇವರಾಜನ ತಾಯಿ ಲಕ್ಕಮ್ಮ ಕಾಫಿ ತಂದರು. ಎರಡೂ ಪೇಪರ್ ಲೋಟ. ಒಂದು ನನಗೆ, ಒಂದು ಅವರ ಮಗನಿಗೆ.

"ಪಾತ್ರೆ ತೊಳ್ಯೋಳು ಅಬ್ಬ ಅಂತ ಬಂದಿಲ್ಲ ಕಣಪ್ಪಾ" ಎಂದರು ನಾನು ಕೇಳದಿದ್ದರೂ.

"ಪರವಾಗಿಲ್ಲ ಬುಡಿ ಅಮ್ಮಾರೆ" ಎಂದೆ.

ಒಳಗೆ ತಿಮ್ಮಪ್ಪನವರು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದರು. ನನಗೆ ಮಾತ್ರ ಪೇಪರ್ ಲೋಟ ಕೊಟ್ಟಿದ್ದರೆ ವಿಷಯ ಸುಲಭವಾಗಿತ್ತು. ಎದ್ದು ಬರಬಹುದಿತ್ತು. ದೇವರಾಜನಿಗೂ ಅದೇ ಕೊಟ್ಟಿದ್ದರು. ಅವನು ಅದನ್ನು ಏನೂ ಆಗದವನ ಹಾಗೆ ಕುಡಿದ. ನಾನೂ ಕುಡಿದೆ. ದ್ವಿತೀಯಾರ್ಧದಲ್ಲಿ ಎರಡು ಗೋಲು ಹೋದವು. ಆ ಎರಡೂ ಹೇಗೆ ಹೋದವು ಎಂದು ಈಗ ಕೇಳಿದರೆ ಹೇಳಲಾರೆ. ನಾನು ಲೋಟ ಎಲ್ಲಿ ಹಾಕುವುದು ಎಂದು ನೋಡುತ್ತಿದ್ದೆ.

ಎರಡನೇ ಪಂದ್ಯ ಗುರುವಾರ ರಾತ್ರಿ ಎಂಟಕ್ಕೆ, ನಮ್ಮ ಹಾಸ್ಟೆಲ್‌ನ ಊಟದ ಹಾಲಿನಲ್ಲಿ. ನಾನು ಕರೆದಿರಲಿಲ್ಲ. ದೇವರಾಜ್ ತಾನೇ ಬಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತ. ನನ್ನ ರೂಮಿನ ನಟರಾಜು ಬಿಡುವವನಲ್ಲ.

"ಏನ್ ಗೌಡ್ರೆ, ಆಸ್ಟೆಲ್ ಮುದ್ದೆ ಇಳೀತದಾ?"

"ಇನ್ನೊಂದ್ ಹಾಕ್ಸ್ಲಾ. ಆಮೇಲ್ ಮಾತಾಡು."

ನಾಲ್ಕನೇ ನಿಮಿಷಕ್ಕೆ ಉಜ್ಬೇಕಿಸ್ತಾನದವರ ಒಂದು ಗೋಲು, ಹದಿನೆಂಟಕ್ಕೆ ಇನ್ನೊಂದು, ವಿರಾಮಕ್ಕೆ ಮೊದಲು ಮೂರನೆಯದು. ಹಾಲಿನಲ್ಲಿ ಅರ್ಧ ಜನ ಎದ್ದುಹೋದರು. ದೇವರಾಜ್ ಎರಡು ಮುದ್ದೆ ತಿಂದ. ತಟ್ಟೆ ತಾನೇ ತೊಳೆದು ಜೋಡಿಸಿಟ್ಟ. ಇಲ್ಲಿ ತಿನ್ನುವವನು ಅಲ್ಲಿ ಯಾಕೆ ಆಚೆ ಕೂರಿಸಿದ? ಅಥವಾ ಅಲ್ಲಿ ಆಚೆ ಕೂರಿಸಿದ್ದಕ್ಕೇ ಇಲ್ಲಿ ಬಂದು ತಿಂದನಾ? ಅಥವಾ ಅವನಿಗೆ ಹಸಿವಾಗಿತ್ತು, ಅಷ್ಟೇನಾ?

ಹಾಸ್ಟೆಲ್ ಗೇಟಿನವರೆಗೆ ಕಳಿಸಲು ಹೋದೆ.

"ಮಂಗಳ್ವಾರ ಸಿರಿಯಾ ಮ್ಯಾಚ್ ಗೆದ್ರೆ ಇನ್ನೂ ಚಾನ್ಸ್ ಐತೆ ಕಣ್ಲಾ" ಎಂದ. "ಮೂರನೇ ಜಾಗದಲ್ಲಿ ಇರೋರ್‌ನೂ ಮುಂದಿನ್ ರೌಂಡ್‌ಗೆ ಬುಡ್ತಾರೆ. ಅವತ್ಗೆ ರಜಾನೂ ಬಂದಿರ್ತದೆ. ನಮ್ಮನೇಲೇ ನೋಡಾನ. ಈ ಸಲ ಒಳಗೇ ಕೂರಾನ."

ಆ ಕೊನೆಯ ಮಾತು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ನಾನು "ನೋಡಾನ" ಎಂದೆ.

ರೂಮಿಗೆ ಬಂದು ನಟರಾಜುಗೆ ಎಲ್ಲ ಹೇಳಿದೆ, ಪೇಪರ್ ಲೋಟದಿಂದ ಹಿಡಿದು.

"ಈ ಸಲ ಒಳಗೆ ಅಂದ್ನಾ? ಅಂಗಾದ್ರೆ ಓದ್ಸಲ ಆಚೆ ಕೂರ್ಸಿದ್ದು ಬೇಕಂತ್ಲೇ" ಎಂದ ನಟರಾಜು. ಹೊದ್ದು ಮಲಗಿದವನು ಮತ್ತೆ ಮುಖ ಆಚೆ ಹಾಕಿ ಕೇಳಿದ: "ಅದಿರ್ಲಿ, ನೀನ್ ಯಾವತ್ತಾರ ಅವ್ನ್ನ ನಿಮ್ಮನೇಗೆ ಕರ್ದಿದೀಯ?"

ಕರೆದಿರಲಿಲ್ಲ. ಅದು ತಲೆಗೇ ಬಂದಿರಲಿಲ್ಲ. ಬಂದಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂದಾಗಲೆಲ್ಲ ಬೇಡ ಅನಿಸುತ್ತಿತ್ತು. ಕರೆದ ಮೇಲೆ ಅವನು ಬರದೆ ಹೋದರೆ ಅನ್ನುವುದೊಂದೇ ಕಾರಣ.

ಸೋಮವಾರ ಕೇಬಲ್‌ನವರಿಗೆ ಹೇಳಿ ಚಾನೆಲ್ ಹಾಕಿಸಿದೆ. ದೇವರಾಜನಿಗೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ: "ಸಿರಿಯಾ ಮ್ಯಾಚು ನಮ್ಮನೇಲಿ ಕಣ್ಲಾ. ಚಾನೆಲ್ ಹಾಕ್ಸಿದೀನಿ. ಐದಕ್ಕೆ ಬಾ." ಹತ್ತು ನಿಮಿಷ ಬಿಟ್ಟು ಒಂದು ಹೆಬ್ಬೆರಳ ಗುರುತು ಬಂತು. ಬರುತ್ತಾನೆ ಎಂದುಕೊಂಡೆ.

ಮಂಗಳವಾರ ಮೂರು ಗಂಟೆಗೇ ಅವ್ವ ಶುರು ಮಾಡಿದಳು. ಅವ್ವನ ಹೆಸರು ಬೆಟ್ಟಮ್ಮ. ಗೋಡೆಯ ಬುದ್ಧನ ಫೋಟೋ ಒರೆಸಿದಳು, ಮಂಚದ ಮೇಲೆ ಹೊಸ ಹೊದಿಕೆ ಹಾಸಿದಳು. ಅಟ್ಟದಿಂದ ಎರಡು ಸ್ಟೀಲ್ ಲೋಟ ಇಳಿಸಿದಳು. ಅಕ್ಕನ ಮದುವೆಗೆ ಬಂದ ಉಡುಗೊರೆ, ಹೆಸರು ಕೊರೆಸಿದ್ದು, ಇನ್ನೂ ಯಾರೂ ಬಾಯಿಟ್ಟಿರಲಿಲ್ಲ.

"ಕುಡೀತಾನೇನ್ಲಾ ಅವ್ನು?"

"ಆಸ್ಟೆಲ್‌ನಾಗೆ ಎರಡು ಮುದ್ದೆ ತಿಂದ ಕಣವ್ವ."

"ಆಸ್ಟೆಲ್ ಆಸನದಾಗೈತೆ" ಎಂದಳು ಅವ್ವ.

ಐದಾಯಿತು. ಪಂದ್ಯ ಶುರುವಾಯಿತು. ಪ್ರತಿ ಐದು ನಿಮಿಷಕ್ಕೆ ಬಾಗಿಲ ಕಡೆ ನೋಡಿದೆ. ಎರಡು ಬೀದಿ, ಒಂದು ಮೋರಿ, ಅಷ್ಟೇ ದೂರ. ಗೋಲಿಲ್ಲದೆ ವಿರಾಮ ಬಂತು. ಅವ್ವ ಕಾಫಿಗೆ ನೀರಿಟ್ಟು ಇಳಿಸಿ ಮತ್ತೆ ಇಟ್ಟಿದ್ದಳು. ಫೋನ್ ಮಾಡಿದೆ.

"ಎಲ್ಲಿದೀಯಲಾ?"

"ಮನೇಲಿ. ನೀನೆಲ್ಲಿ?" ಎಂದ ದೇವರಾಜ್.

"ಮನೇಲಿ."

"ಬಾ ಮತ್ತೆ."

"ನೀನು ಬಾ. ನಿನ್ನೆ ಹೆಬ್ಬೆಟ್ಟು ಒತ್ತಿದ್ಯಲ್ಲ?"

"ತಮಾಸೆ ಮಾಡ್ತಿದೀಯ ಅನ್ಕಂಡೆ ಕಣ್ಲಾ. ನಾನ್ ಮೊದ್ಲೇ ಹೇಳಿದ್ನಲ್ಲ ನಮ್ಮನೇಲಿ ಅಂತ. ಅಪ್ಪನ್ ಕೈಲಿ ಬೈಸ್ಕಂಡು ಮೂಟೆ ಎಲ್ಲ ಕೊಟ್ಟಿಗೆಗೆ ಸಾಗ್ಸಿದೀನಿ. ಬೆನ್ನು ಬಿದ್ದೋಗೈತೆ."

ಮೂಟೆ ಸಾಗಿಸಿದ್ದ. ಅಂದರೆ ಅವತ್ತು ನಿಜವಾಗಿ ಜಾಗ ಇರಲಿಲ್ಲ. ಹಾಗಾದರೆ ಸೆಕೆ ಎಂದು ಯಾಕೆ ಹೇಳಿದ?

"ನಮ್ಮನೇಗ್ ಬರಕ್ಕೆ ಏನ್ ತೊಂದ್ರೆ ನಿಂಗೆ?" ಎಂದೆ.

"ತೊಂದ್ರೆ ಏನಿಲ್ಲ."

"ಮತ್ತೆ ಬಾ."

"ನಿಂಗೇನ್ ತೊಂದ್ರೆ?"

"ತೊಂದ್ರೆ ಏನಿಲ್ಲ."

ಇಬ್ಬರೂ ಫೋನ್ ಇಡಲಿಲ್ಲ. ಆಟ ಮತ್ತೆ ಶುರುವಾಯಿತು. ಅವನ ಟಿವಿಯ ಸದ್ದು ನನ್ನ ಕಿವಿಯಲ್ಲಿ, ನನ್ನದು ಅವನ ಕಿವಿಯಲ್ಲಿ. ಹಾಗೇ ನೋಡತೊಡಗಿದೆವು, ಇಬ್ಬರೂ ಅವರವರ ಮನೆಯಲ್ಲಿ.

"ಬಲಗಡೆ ಬುಡ್ತಾವ್ನೆ ನೋಡು" ಎಂದ.

"ಅಲ್ಲಿ ಯಾರೂ ಇಲ್ವಲ್ಲ" ಎಂದೆ.

"ಇದಾನೆ ನೋಡ್ಲಾ."

ಆಮೇಲೆ ನನ್ನ ಸ್ಕ್ರೀನಿನಲ್ಲೂ ಅಲ್ಲಿ ಒಬ್ಬ ಬಂದ. ಅವರ ಡಿಶ್ಶಿನಲ್ಲಿ ಆಟ ನಾಲ್ಕೈದು ಸೆಕೆಂಡು ಮುಂದೆ ಇತ್ತು. ಒಂದು ಹೊತ್ತು ಅದೇ ಮಜಾ ಅನಿಸಿತು. ಅವನು ಮುಂಚೆ ಹೇಳುವುದು, ಆಮೇಲೆ ನಾನು ನೋಡುವುದು. ಬಸ್ಸಿನಲ್ಲಿ ನಗುವ ಹಾಗೆ ಎರಡು ಸಲ ನಕ್ಕೆವು. ಅವ್ವ ಒಂದು ಲೋಟ ನನ್ನ ಮುಂದೆ, ಇನ್ನೊಂದು ಖಾಲಿ ಜಾಗದ ಮುಂದೆ ಇಟ್ಟಳು.

"ಕಾಫಿ ಬಂತಾ?" ಎಂದ ದೇವರಾಜ್, ಸದ್ದು ಕೇಳಿ.

"ಬಂತು. ನಿಂದೂ ಐತೆ."

ಅವನು ಏನೋ ಹೇಳಲು ಹೋದ. "ಕೀರ್ತಿ, ಅವತ್ತು" ಎಂದ. ಅಷ್ಟರಲ್ಲಿ ಅವನ ಕಡೆಯಿಂದ ತಿಮ್ಮಪ್ಪನವರ ದನಿ ಜೋರಾಗಿ ಬಂತು: "ಓಯ್ತಲ್ಲೋ! ಮುಗೀತು ಬುಡು!"

ನನ್ನ ಟಿವಿಯಲ್ಲಿ ಚೆಂಡು ಇನ್ನೂ ನಮ್ಮ ಗೋಲಿನಿಂದ ದೂರವೇ ಇತ್ತು. ನಮ್ಮವರು ಸರಿಯಾಗಿ ನಿಂತಿದ್ದರು. ನಾಲ್ಕು ಸೆಕೆಂಡು ನನಗೆ ಇಂಡಿಯಾ ಸೋತಿತ್ತು, ಸೋತಿರಲಿಲ್ಲ. ಎಪ್ಪತ್ತಾರನೇ ನಿಮಿಷ. ಆಮೇಲೆ ಸಿರಿಯಾದವನು ಒಳಗೆ ತಳ್ಳಿದ.

"ಅವತ್ತು ಏನು?" ಎಂದೆ.

"ಏನಿಲ್ಲ. ಆಮೇಲ್ ಹೇಳ್ತೀನಿ" ಎಂದ. ಸೀಟಿ ಊದಿದ ಮೇಲೆ ಫೋನ್ ಕಟ್ಟಾಯಿತು. ಅವನು ಇಟ್ಟನೋ, ನೆಟ್‌ವರ್ಕ್ ಹೋಯಿತೋ ತಿಳಿಯಲಿಲ್ಲ. ಅವನು ಮತ್ತೆ ಮಾಡಲಿ ಎಂದು ಕಾದೆ. ಅವನೂ ಹಾಗೇ ಕಾದಿರಬಹುದು.

ಅವ್ವ ಖಾಲಿ ಜಾಗದ ಮುಂದಿದ್ದ ಕಾಫಿ ಎತ್ತಿಕೊಂಡು ತಾನೇ ಕುಡಿದಳು. ಲೋಟ ತೊಳೆದು ಮತ್ತೆ ಅಟ್ಟಕ್ಕೆ ಹಾಕಿದಳು.

ರಜೆ ಇನ್ನೂ ಹನ್ನೆರಡು ದಿನ ಇತ್ತು. ಅವನು ಈ ಕಡೆ ಬರಲಿಲ್ಲ, ನಾನು ಆ ಕಡೆ ಹೋಗಲಿಲ್ಲ. ಅವನು ಹೇಳಬೇಕಿದ್ದದ್ದನ್ನು ನಾನೇ ಮುಗಿಸಿ ನೋಡುತ್ತಿದ್ದೆ. ಅವತ್ತು ನಮ್ಮವ್ವ ಹಾಗೆ ಮಾಡಿದ್ದು ತಪ್ಪು. ಅವತ್ತು ನೀನು ತಪ್ಪು ತಿಳಿದೆ. ಅವತ್ತು ಲೋಟ ನಿಜವಾಗಿ ತೊಳೆದಿರಲಿಲ್ಲ. ಮೂರೂ ಅವನ ದನಿಯಲ್ಲೇ ಕೇಳಿಸುತ್ತಿದ್ದವು.

ಕಾಲೇಜು ತೆರೆದ ಸೋಮವಾರ ಗೇಟಿನಲ್ಲಿ ಬಸ್ಸು ಹತ್ತಿದೆ. ದೇವರಾಜ್ ಯಾವಾಗಲೂ ಕೂರುವ ಮೂರನೇ ಸಾಲಿನ ಕಿಟಕಿಯಲ್ಲಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ಮೊರದ ತುಂಬ ಹೂವಿಟ್ಟುಕೊಂಡು ಕೂತಿದ್ದರು.

"ರಶ್ಶು ಕಣ್ಲಾ" ಎಂದ ದೇವರಾಜ್. "ಕರ್ಚೀಫು ಮರ್ತ್ ಬಂದ್ಬುಟ್ಟೆ."

ಬಸ್ಸು ರಶ್ಶಿತ್ತು, ಅದು ನಿಜ. ಕರ್ಚೀಫು ಅವನ ಜೇಬಿನಿಂದ ಅರ್ಧ ಆಚೆ ಕಾಣುತ್ತಿತ್ತು, ಅದೂ ನಿಜ. ನಾನು "ಆಯ್ತು ಬುಡು" ಎಂದು ಹಿಂದಕ್ಕೆ ಹೋಗಿ ಕಂಬಿ ಹಿಡಿದು ನಿಂತೆ. ಹಾಸನದ ಸ್ಟ್ಯಾಂಡಿನಲ್ಲಿ ಅವನು ಮುಂದಿನ ಬಾಗಿಲಲ್ಲಿ ಇಳಿದ, ನಾನು ಹಿಂದಿನದರಲ್ಲಿ.

ಹೋದದ್ದು ಇಷ್ಟು: ಮೂರು ಪಂದ್ಯ, ಆರು ಗೋಲು, ಏಳು ನಲವತ್ತರ ಬಸ್ಸಿನಲ್ಲಿ ಒಂದು ಸೀಟು.