ಕಂಚಿನ ಬಳೆಯೂ ಹಬ್ಬದ ಎಣ್ಣೆಯೂ

ನಾನೊಂದು ಕೋವಿ. ಹೆದರಬೇಡಿ, ಸದ್ಯಕ್ಕೆ ನನ್ನ ಹೊಟ್ಟೆ ಖಾಲಿ. ಐದು ತೋಟಾ ತುಂಬಿ ಕೊಟ್ಟರೆ ಸಾಕು, ಕುದುರೆ, ಅಂದರೆ ಟ್ರಿಗರ್, ಎಳೆದಾಗಲೆಲ್ಲ ಸುಟ್ಟ ತೋಟಾವನ್ನು ನಾನೇ ಉಗುಳಿ ಮುಂದಿನದನ್ನು ನಾನೇ ಎಳೆದುಕೊಳ್ಳುತ್ತೇನೆ. ಬೆನ್ನು ಮಾತ್ರ ಸ್ವಲ್ಪ ಗೂನು. ಅದಕ್ಕೇ ಕೊಡಗಿನ ಈ ಊರಿನವರು ನನ್ನನ್ನು ‘ಗೂನಜ್ಜ’ ಅನ್ನುತ್ತಾರೆ. ಅನ್ನಲಿ ಬಿಡಿ, ಇದಕ್ಕಿಂತ ಕೆಟ್ಟ ಹೆಸರುಗಳನ್ನೂ ಕೇಳಿಸಿಕೊಂಡಿದ್ದೇನೆ.

ನಾನು ಹುಟ್ಟಿದ್ದು ಬೆಲ್ಜಿಯಂ ದೇಶದಲ್ಲಿ. ಒಬ್ಬ ಮುದುಕ ಮೇಸ್ತ್ರಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನನ್ನ ಒಂದೊಂದು ಭಾಗವನ್ನೂ ಅರ ಹಾಕಿ ಉಜ್ಜಿ ಕೂಡಿಸಿದ. ಬೇರೆ ಕೋವಿಗಳ ನಳಿಗೆ ಇದ್ದಲ್ಲೇ ಇರುತ್ತದೆ. ನನ್ನದು ಹಾಗಲ್ಲ. ಗುಂಡು ಹಾರಿದ ಕೂಡಲೇ ಇಡೀ ನಳಿಗೆ ಹಿಂದಕ್ಕೆ ಜಾರಿ, ಮತ್ತೆ ಮುಂದಕ್ಕೆ ಬರುತ್ತದೆ. ಅದು ದಡಕ್ಕನೆ ಜಾರದಂತೆ ತಡೆಯುವುದಕ್ಕೆ, ನಳಿಗೆಯ ಕೆಳಗಿನ ಕೊಳವೆಯ ಮೇಲೆ ಒಂದು ಕಂಚಿನ ಬಳೆ ತೊಡಿಸಿದರು. ಕೊಳವೆ ಒಣಗಿದ್ದರೆ ಬಳೆ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ, ಎಣ್ಣೆಯಾದರೆ ಹಿಡಿತ ಬಿಡುತ್ತದೆ. ಈ ಮಾತನ್ನು ಒಂದು ಕಾಗದದಲ್ಲಿ ಅಚ್ಚು ಹಾಕಿಸಿ ನನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದರು.

ಹಡಗು ಹತ್ತಿ, ಮಂಗಳೂರಿನಲ್ಲಿ ಇಳಿದು, ಘಟ್ಟ ಹತ್ತಿ ಬಂದೆ. ನನ್ನ ಮೊದಲ ಯಜಮಾನ ಕಾಫಿ ತೋಟದ ಒಬ್ಬ ಬಿಳಿ ದೊರೆ. ಸಿಡುಕ, ಆದರೆ ಆ ಕಾಗದ ಓದಿದವನು. ಕೊಳವೆಯನ್ನು ಒಣಬಟ್ಟೆಯಲ್ಲಿ ಒರೆಸಿಯೇ ಇಡುತ್ತಿದ್ದ. ಅವನು ತನ್ನ ದೇಶಕ್ಕೆ ಹೊರಟಾಗ ನನ್ನನ್ನು ನೆರೆಯ ಸುಬೇದಾರ್ ಮಾಚಯ್ಯನವರಿಗೆ ಕೊಟ್ಟ. ಕಾಗದ ಮಾತ್ರ ಅವನ ಮೇಜಿನ ಖಾನೆಯಲ್ಲೇ ಉಳಿಯಿತು.

ಮಾಚಯ್ಯನವರಿಗೆ ನನ್ನ ಮೇಲೆ ಜೀವ. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಕೈಲ್ ಮುಹೂರ್ತ ಬರುತ್ತದೆ. ಆ ಹಬ್ಬದಲ್ಲಿ ಕೋವಿ ಕತ್ತಿಗಳನ್ನೆಲ್ಲ ತೊಳೆದು, ಎಣ್ಣೆ ಹಚ್ಚಿ, ಕೆಂಪು ಹಳದಿಯ ತೋಕ್ ಹೂ ಸಿಕ್ಕಿಸಿ ದೀಪದ ಮುಂದೆ ಇಡುತ್ತಾರೆ. ಸುಬೇದಾರರು ನನ್ನ ಭಾಗಗಳನ್ನೆಲ್ಲ ಬಿಚ್ಚಿ, ಬಾಣಂತಿ ಮಗುವಿಗೆ ಹಚ್ಚಿದ ಹಾಗೆ ಮೈಯೆಲ್ಲ ಎಣ್ಣೆ ಹಚ್ಚಿದರು. ಕೊಳವೆಗೂ ಹಚ್ಚಿದರು. ಅಯ್ಯೋ, ಅಲ್ಲಿಗೆ ಬೇಡ ಮಾರಾಯರೇ ಅಂತ ನಾನು ಹೇಗೆ ಹೇಳಲಿ? ಬಾಯಿ ಇರುವುದು ಗುಂಡು ಹಾರಿಸುವುದಕ್ಕೆ ಮಾತ್ರ.

ಅಂದಿನಿಂದ ನಳಿಗೆ ತಡೆಯಿಲ್ಲದೆ ಹಿಂದಕ್ಕೆ ಬಡಿದು, ನಾನು ಹೆಗಲಿಗೆ ಒದೆಯತೊಡಗಿದೆ. ಸುಬೇದಾರರ ಹೆಗಲು ಯುದ್ಧ ಕಂಡ ಹೆಗಲು, ಅವರಿಗೆ ಲೆಕ್ಕಕ್ಕೇ ಬರಲಿಲ್ಲ. ಅವರ ಮಗ ಚಿಟ್ಟಿಯಪ್ಪನ ಕಾಲಕ್ಕೆ ಕಷ್ಟ ಶುರುವಾಯಿತು. ಹಬ್ಬದ ಮಧ್ಯಾಹ್ನ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಒಂದು ವರ್ಷ ನಾನು ಒದ್ದ ಒದೆತಕ್ಕೆ ಅವನ ಹೆಗಲು ನೇರಳೆಯಾಗಿ ಊದಿಕೊಂಡಿತು, ನನ್ನ ಮರದ ಹಿಡಿಯೂ ಸೀಳಿತು. ಮರುವರ್ಷ ಅವನು ಕುದುರೆ ಎಳೆಯುವ ಮೊದಲೇ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿಕೊಂಡ. ಗುಂಡು ಎಲ್ಲಿಗೋ ಹೋಯಿತು. ಮೈದಾನದಲ್ಲಿ ಯಾರೋ, ಚಿಟ್ಟಿಯಪ್ಪನ ಧೈರ್ಯ ಮುಗಿಯಿತು ಅಂದರು. ಎಲ್ಲರೂ ನಕ್ಕರು. ಅವನು ನಗಲಿಲ್ಲ, ಆ ಮಾತನ್ನು ನಂಬಿಬಿಟ್ಟ.

ಆಮೇಲೆ ಇಪ್ಪತ್ತೆರಡು ವರ್ಷ ಅವನು ಪಂದ್ಯದ ಗೆರೆಯ ಹತ್ತಿರ ನಿಲ್ಲಲಿಲ್ಲ. ದೂರದ ಬೆಂಚಿನಲ್ಲಿ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟುತ್ತಿದ್ದ. ನನಗೆ ಎಷ್ಟು ಸಂಕಟವಾಗುತ್ತಿತ್ತು ಗೊತ್ತೇ? ಅವನ ಮರ್ಯಾದೆ ಕಳೆದದ್ದು ನಾನೇ ತಾನೇ.

ಅಷ್ಟರಲ್ಲಿ ನನ್ನ ಜಾತಿಯ ಕೋವಿಗಳಿಗೇ ಕೆಟ್ಟ ಹೆಸರು ಬಂದಿತ್ತು. ಭಾರ ಜಾಸ್ತಿ, ಒದೆಯುತ್ತವೆ, ಮಳೆಗಾಲದಲ್ಲಿ ಉಬ್ಬಿದ ಕಾಗದದ ತೋಟಾ ಒಳಗೇ ಸಿಕ್ಕಿಕೊಳ್ಳುತ್ತದೆ ಅಂತ ದೂರು. ಆಮೇಲೆ ಬಂದ ಕೋವಿಗಳ ನಳಿಗೆ ಅಲ್ಲಾಡುವುದಿಲ್ಲ. ಮದ್ದಿನ ಹೊಗೆಯ ಒತ್ತಡದಿಂದಲೇ ತೋಟಾ ಬದಲಿಸಿಕೊಳ್ಳುತ್ತವೆ, ಒದೆಯುವುದೂ ಕಡಿಮೆ. ಬಳೆಯ ಗೊಡವೆಯೇ ಇಲ್ಲ. ಒಳ್ಳೆಯ ಕೋವಿಗಳೇ, ನಾನು ಹೊಟ್ಟೆಕಿಚ್ಚು ಪಡುವುದಿಲ್ಲ. ಸರಿ, ಸ್ವಲ್ಪ ಪಡುತ್ತೇನೆ.

ಎಪ್ಪತ್ತು ತುಂಬಿದ ವರ್ಷ ಚಿಟ್ಟಿಯಪ್ಪ ಒಂದು ಅರ್ಜಿ ಬರೆದ. ಆ ವರ್ಷದ ಹಬ್ಬ ಕಳೆದ ಮರುದಿನ ನನ್ನನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದು, ಅವರು ತುಂಡು ಮಾಡಲಿ ಎಂದು. ಅರ್ಜಿಯನ್ನು ಮಡಚಿ ಹಬ್ಬದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡ. ಕೊನೆಯ ಸಲ ನನ್ನನ್ನು ಶುಚಿ ಮಾಡಲು ಸೊಸೆ ದೇಚಮ್ಮನಿಗೆ ಹೇಳಿದ. ದೇಚಮ್ಮ ಮನೆಯ ಹಳೇ ಜೀಪನ್ನು ತಾನೇ ಬಿಚ್ಚಿ ರಿಪೇರಿ ಮಾಡುವ ಹೆಂಗಸು. ಉಗುರಿನಲ್ಲಿ ಯಾವಾಗಲೂ ಗ್ರೀಸು.

ಅವಳು ನನ್ನನ್ನು ಬಿಚ್ಚಿದಾಗ ಕೊಳವೆಯಿಂದ ಎಣ್ಣೆ ತೊಟ್ಟಿಕ್ಕಿತು. ಕಂಚಿನ ಬಳೆಯನ್ನು ಬೆರಳಿನಲ್ಲಿ ಹಿಂದೆ ಮುಂದೆ ಆಡಿಸಿದಳು. ತಡೆಯೇ ಇಲ್ಲದೆ ಅದು ಸುಯ್ಯೆಂದು ಜಾರಿತು.  ಬಳೆಯನ್ನು ಹಿಡಿದುಕೊಂಡೇ ಜಗುಲಿಗೆ ಬಂದಳು.

“ಮಾವ, ಜೀಪಿನ ಬ್ರೇಕಿಗೆ ಯಾರಾದ್ರೂ ಎಣ್ಣೆ ಹಾಕ್ತಾರಾ?”

“ಹಾಕಿದ್ರೆ ಜೀಪು ನಿಲ್ಲುತ್ತಾ?” ಅಂದ ಚಿಟ್ಟಿಯಪ್ಪ.

“ಈ ಬಳೆ ಇದರ ಬ್ರೇಕು. ನೀವೂ ನಿಮ್ಮಪ್ಪನೂ ಐವತ್ತು ವರ್ಷ ಪೂಜೆ ಮಾಡಿ ಮಾಡಿ ಬ್ರೇಕಿಗೇ ಎಣ್ಣೆ ಹಾಕಿದ್ದೀರಿ.”

 ಅವಳು ಪೆಟ್ರೋಲಿನ ಬಟ್ಟೆಯಲ್ಲಿ ಕೊಳವೆ ಒರೆಸಿದಳು, ಬಳೆ ಉಜ್ಜಿದಳು, ಒಣಗಿಸಿ ಜೋಡಿಸಿದಳು. ಗದ್ದೆಯಾಚೆಯ ಮಣ್ಣಿನ ದಿಬ್ಬಕ್ಕೆ ತಾನೇ ಒಂದು ಗುಂಡು ಹೊಡೆದು ನೋಡಿದಳು. ಎಷ್ಟೋ ವರ್ಷದ ಮೇಲೆ ನನ್ನ ನಳಿಗೆ ಮೆಲ್ಲಗೆ ಹಿಂದೆ ಹೋಗಿ ಮೆಲ್ಲಗೆ ಮುಂದೆ ಬಂತು. ಆಹಾ, ಏನು ಸುಖ!

ಹಬ್ಬದ ಮಧ್ಯಾಹ್ನ ಅವಳು ನನ್ನನ್ನು ಅವನ ಕೈಗಿಟ್ಟಳು. ಬೇಡ ಅಂದ, ಹೆಗಲು ಮುಟ್ಟಿ ನೋಡಿಕೊಂಡ. ಅವಳು ಅಲ್ಲಿಂದ ಕದಲಲಿಲ್ಲ. ಕಡೆಗೆ ಅವನು ಬೆಂಚಿನಿಂದ ಎದ್ದು ಗೆರೆಯ ಹತ್ತಿರ ಬಂದ.  ಅವನ ಕೆನ್ನೆ ನನ್ನ ಹಿಡಿಗೆ ತಾಗಿತ್ತು, ಹಲ್ಲು ಕಚ್ಚಿಕೊಂಡಿದ್ದು ನನಗೆ ಗೊತ್ತಾಗುತ್ತಿತ್ತು. ಕುದುರೆ ಎಳೆದ.

ಗುರಿ ತಪ್ಪಿತು. ಕಾಯಿಯ ಪಕ್ಕದ ಎಲೆಗಳು ಉದುರಿದವು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಚಿಟ್ಟಿಯಪ್ಪ ಮಾತ್ರ ಉದುರುವ ಎಲೆಗಳನ್ನೇ ನೋಡುತ್ತಿದ್ದ.

“ಎಲೆ ಬಿದ್ದದ್ದು ಕಂಡೆ ದೇಚು,” ಅಂದ ಮೆತ್ತಗೆ. “ನಾನು ಕಣ್ಣು ಮುಚ್ಚಲಿಲ್ಲ.”

ಆಗಲೇ ನಾನು ಸುಟ್ಟ ತೋಟಾ ಉಗುಳಿ ಎರಡನೆಯದನ್ನು ಎಳೆದುಕೊಂಡು ಕಾಯುತ್ತಿದ್ದೆ. ನನ್ನನ್ನು ಮಾಡಿದ್ದೇ ಅದಕ್ಕಲ್ಲವೇ. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಕಾಯಿ ಒಡೆದು ನೀರು ಚಿಮ್ಮಿತು. ಗದ್ದಲವೋ ಗದ್ದಲ! ನಾನೇನಾದರೂ ಮನುಷ್ಯನಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಈಗ ಮಲಗುವ ಕೋಣೆಯ ಗೋಡೆಯ ಗೂಟ ನನ್ನ ಜಾಗ. ಹೊಸ ಕೋವಿಗಳ ಮುಂದೆ ನಾನು ಹಳಬನೇ, ಭಾರದವನೇ. ನನ್ನನ್ನು ಇಷ್ಟು ವರ್ಷ ಕೆಡಿಸಿದ್ದು ಪ್ರೀತಿ ಅಂತ ನೆನೆದರೆ ಸಿಟ್ಟು ಕೂಡ ಬರುವುದಿಲ್ಲ. ಈ ಸಲದ ಹಬ್ಬಕ್ಕೆ ಯಾರೋ ಎಣ್ಣೆಯ ಬಟ್ಟಲು ಹಿಡಿದು ನನ್ನ ಹತ್ತಿರ ಬಂದರು. ಚಿಟ್ಟಿಯಪ್ಪ ಕೈ ಅಡ್ಡ ಹಿಡಿದು, ಗೂನಜ್ಜನ ಕೊಳವೆಗೆ ಬೇಡ ಅಂದ. ಆದರೂ ಒಂದು ಹನಿ ತಾಗಿತ್ತು. ಅವನು ಹಬ್ಬದ ಕೋಟಿನ ಜೇಬು ತಡಕಿ, ಹೋದ ವರ್ಷದಿಂದ ಅಲ್ಲೇ ಮಡಚಿಕೊಂಡಿದ್ದ ಠಾಣೆಯ ಅರ್ಜಿಯನ್ನು ತೆಗೆದು, ಅದರಲ್ಲೇ ನನ್ನ ಕೊಳವೆಯನ್ನು ಒರೆಸಿದ.